ಫೋನಿನಾಗ ಅಂದ ಹೂಂ

ಅಹಮದಾಬಾದ
೩ ಆಗಸ್ಟ್ ೧೯೭೫

ಮನೆಯವರಿಗೆ ರಶೀದಾಳ ಸಲಾಂ. ನಿಮ್ಮ ಅಮ್ಮಿಗೂ ನನ್ನ ಸಲಾಂ ಹೇಳ್ರಿ.

ಮೊನ್ನೆ ಶುಕ್ರವಾರ ನಮ್ಮ ಉಪಗ್ರಹದ ಕೆಲಸ ಶುರುವಾಯಿತು. ಸಂಜೀಮುಂದ ಇಲ್ಲಿಂದ ಕಳಿಸಿದ ಟಿವಿ ಚಿತ್ರ ಮ್ಯಾಲ ಹೋಗಿ, ಅಲ್ಲಿಂದ ನಮ್ಮ ಗುಲಬರ್ಗಾ ಜಿಲ್ಲೆಯ ಹಳ್ಳಿಗಳಿಗೆ ಇಳೀತು ಅಂತ ಸುದ್ದಿ ಬಂತು. ಆಫೀಸಿನಾಗ ಎಲ್ಲಾರೂ ಪೇಢೆ ಹಂಚಿದರು. ಊರುಗಳ ಹೆಸರು ಓದುವಾಗ ಸೇಡಂ ತಾಲೂಕು, ಕುರಕುಂಟಾ ಅಂತ ಯಾರೋ ತಪ್ಪು ತಪ್ಪಾಗಿ ಅಂದ್ರು. ನಾನೇ ತಿದ್ದಿ ಹೇಳಿದೆ. ಒಮ್ಮೆ ಹೋಗಿ ನೋಡಿ ಬರ್ರಿ. ನೋಡಿದ್ದನ್ನ ನೋಡಿದಂಗ ಬರೀರಿ.

ನನ್ನ ಕೆಲಸ ಏನಂತ ಅಮ್ಮಿ ಮತ್ತ ಕೇಳಿದ್ರ ಹಿಂಗ ಹೇಳ್ರಿ. ಉಪಗ್ರಹ ಒಂದೇ ಕಡೆ ನಿಂತಂಗ ಕಂಡರೂ ತುಸು ತುಸು ಅತ್ತಿತ್ತ ಸರೀತದ. ನಾಳೆ ಅದು ಎಲ್ಲಿರ್ತದ, ನಮ್ಮ ಆಫೀಸಿನ ಅಂಗಳದಾಗಿನ ಮನಿಯಷ್ಟು ದೊಡ್ಡ ಆಂಟೆನಾ ಯಾವ ಕಡೆ ಮುಖ ಮಾಡಬೇಕು, ಇದನ್ನ ಲೆಕ್ಕ ಹಾಕಲಿಕ್ಕೆ ಕಂಪ್ಯೂಟರಿಗೆ ಕಲಿಸೋದು ನನ್ನ ಕೆಲಸ. ಹಂಗ ಕಲಿಸೋದಕ್ಕ ಪ್ರೋಗ್ರಾಂ ಅಂತಾರ. ಅದರ ಒಂದೊಂದು ಸಾಲನ್ನೂ ರಟ್ಟಿನ ಕಾರ್ಡಿನಾಗ ತೂತು ಹೊಡದು ಬರೀಬೇಕು. ಒಂದು ತೂತು ತಪ್ಪಿದ್ರ ಎಲ್ಲಾ ತಿರುಗಿ ಮೊದಲಿಂದ.

ಕಂಪ್ಯೂಟರ್ ಇರೋ ಕೋಣಿಗೆ ಕಿಟಕಿ ಇಲ್ಲ. ಧೂಳು ಬರಬಾರದಂತ ಎಲ್ಲಾ ಕಡೆ ಮುಚ್ಯಾರ. ಒಳಗ ಹೋದಾಗ ಬಿಸಿಲಿರ್ತದ, ಹೊರಗ ಬಂದಾಗ ನೆಲ ಹಸೀ ಇರ್ತದ, ಮಳಿ ಯಾವಾಗ ಬಂತು ಯಾವಾಗ ಹೋಯ್ತು ಗೊತ್ತಾಗೂದಿಲ್ಲ. ಜೈಲಿನಾಗ ಇದ್ದಂಗ ಅನಸ್ತದ. ಆದರ ಒಂದೇ ವರ್ಷದ ಮಾತು. ಅಮೆರಿಕದವರು ಈ ಉಪಗ್ರಹ ಒಂದು ವರ್ಷಕ್ಕಷ್ಟೇ ಕೊಟ್ಟಾರ. ಮುಂದಿನ ಆಗಸ್ಟಿಗೆ ನಾ ಚಿತ್ತಾಪುರದಾಗ ಇರ್ತೀನಿ.

ಕನ್ನಡದಾಗ ಬರದೀನಂತ ಅಮ್ಮಿ ಬ್ಯಾಸರ ಮಾಡ್ಕೊಬಾರದು. ಹಾಸ್ಟೆಲಿನಾಗ ಉರ್ದು, ಹಿಂದಿ ಎಲ್ಲಾರಿಗೂ ಬರ್ತದ. ನಾವಿಬ್ಬರು ಚಿತ್ತಾಪುರದ ಸಾಲ್ಯಾಗ ಕಲ್ತ ಕನ್ನಡ ಇಲ್ಲಿ ಕೀಲಿ ಹಾಕಿದ ಪೆಟಗಿ ಇದ್ದಂಗ, ಬ್ಯಾರೆ ಯಾರಿಗೂ ಓದಲಿಕ್ಕೆ ಬರೂದಿಲ್ಲ.

ನಿಮ್ಮ
ರಶೀದಾ


ಚಿತ್ತಾಪುರ
೨೪ ಆಗಸ್ಟ್ ೧೯೭೫

ರಶೀದಾ, ಸಲಾಂ.

ನಿನ್ನೆ ನನಗ ರಜಾ ಇತ್ತು. ಕುರಕುಂಟಾಕ್ಕ ಹೋಗಿ ಬಂದೆ. ಸಾಲಿ ಮುಂದ ಕೋಳಿ ಗೂಡಿಗೆ ಹಾಕೋ ಜಾಳಿಗಿಯಂಥಾದ್ದರಿಂದ ಮಾಡಿದ ದೊಡ್ಡ ಬುಟ್ಟಿ ಆಕಾಶದ ಕಡೆ ಬಾಯಿ ತೆರದು ನಿಂತದ. ಇದರಾಗ ಏನ ಬೀಳ್ತದ ಅಂತ ಒಬ್ಬ ಮುದುಕ ಒಳಗ ಕೈ ಹಾಕಿ ನೋಡಲಿಕತ್ತಿದ್ದ.

ಊರಿಗೆ ಊರೇ ನೆಲದ ಮ್ಯಾಲ ಕುಂತಿತ್ತು. ಹೆಣ್ಣಮಕ್ಕಳು ಒಂದು ಕಡೆ, ಗಂಡಸರು ಒಂದು ಕಡೆ. ಪೆಟ್ಟಿಗಿಯಾಗ ಮೊದಲು ಬೂದಿಬಣ್ಣದ ಹುಳ ಹರಿದಾಡಿದಂಗ ಆಯ್ತು, ಆಮ್ಯಾಲ ಮುಖ ಬಂತು. ರುಮಾಲು ಸುತ್ತಿದವನೊಬ್ಬ ಎತ್ತಿನ ಬಾಯಿ ಬಿಚ್ಚಿ ಹಲ್ಲು ತೋರಿಸಿದ. ಡಾಕ್ಟರ ಅದರ ಕುತ್ತಿಗಿಗೆ ಸೂಜಿ ಚುಚ್ಚಿದ. ಎತ್ತು ಹಿಂದಕ ಸರೀತು. ಮುಂದ ಕುಂತ ಮಕ್ಕಳೂ ಹಿಂದಕ ಸರದ್ರು. ಆಮ್ಯಾಲ ಹೆಣ್ಣಮಗಳೊಬ್ಬಾಕಿ ಕೂಸಿಗೆ ಗಂಜಿ ಕುಡಿಸಿದಳು, ಏನೋ ಅಂದಳು, ಎಲ್ಲಾರೂ ನಕ್ಕರು. ನಾನೂ ನಕ್ಕೆ. ಇದನ್ನೆಲ್ಲಾ ನಮ್ಮ ಮನಿ ಸೊಸಿ ಕಳಸಾಕತ್ಯಾಳ ಅಂತ ಯಾರಿಗೂ ಹೇಳಲಿಲ್ಲ. ಹೇಳಬೇಕಂತ ಭಾಳ ಅನಸ್ತು.

ನನ್ನ ಸ್ಟೇಷನ್ ಮಾಸ್ತರಿಕಿ ಹಂಗೇ ನಡದದ. ಈಗ ಅಮ್ಮಿ ದಿನಾ ನನ್ನ ಸಂಗಾಟ ಡ್ಯೂಟಿಗೆ ಬರಾಕತ್ಯಾಳ. ಮನ್ಯಾಗ ಒಬ್ಬಾಕಿಗೆ ಹೊತ್ತು ಹೋಗವಲ್ದಂತ. ಬುತ್ತಿ ಕಟ್ಟಿಕೊಂಡು ಚಿತ್ತಾಪುರದಾಗ ಗಾಡಿ ಹತ್ತತಾಳ, ನಮ್ಮ ಸಣ್ಣ ಸ್ಟೇಷನ್ನಿನಾಗ ಇಳೀತಾಳ, ನನ್ನ ಮೇಜಿನ ಬಾಜೂಕ ಬೆಂಚಿನ ಮ್ಯಾಲ ಕುಂದ್ರತಾಳ. ನಮ್ಮ ಅಬ್ಬಾ ಹಳಿ ಬದಲಸೋ ಪಾಯಿಂಟ್ಸ್‌ಮನ್ ಇದ್ದಾಗಿಂದ ಆಕಿಗೆ ಸ್ಟೇಷನ್ ಹೊಸದಲ್ಲ. ಹಳೇ ಪಾಯಿಂಟ್ಸ್‌ಮನ್ ಶಿವರಾಯನ ಸಂಗಾಟ ಮಾತಾಡ್ಕೋತ ಇರ್ತಾಳ.

ಮುಂದಿನ ಆಗಸ್ಟ್ ದೂರ ಅದ. ಮೈಮ್ಯಾಲ ಲಕ್ಷ್ಯ ಇರಲಿ.

ಅಬ್ದುಲ್ ಮಜೀದ


ಅಹಮದಾಬಾದ
೧೨ ಅಕ್ಟೋಬರ್ ೧೯೭೫

ಮನೆಯವರಿಗೆ ಸಲಾಂ.

ಈದ್ ಇಲ್ಲೇ ಕಳೀತು. ಹಾಸ್ಟೆಲಿನವರು ಹಾಲಿನಾಗ ಶಾವಿಗಿ ಕುದಿಸಿ ಸೇವಯಾಂ ಮಾಡಿದ್ರು, ಬ್ಯಾಳಿಗೂ ಬೆಲ್ಲ ಹಾಕೋ ಊರು ಇದು, ಸೇವಯಾಂ ತಿಂದರೂ ಹಬ್ಬ ಅನಸಲಿಲ್ಲ. ರಜಾ ಕೇಳಿದ್ದೆ. ನೀ ಹೋದ್ರ ಪ್ರೋಗ್ರಾಂ ಕೆಟ್ಟಾಗ ಯಾರು ನೋಡ್ತಾರ ಅಂದ್ರು. ನಾ ಬರದದ್ದು ನನಗೊಬ್ಬಾಕಿಗೇ ತಿಳೀತದ, ಅದಕ್ಕ ನಾನೇ ಅದರ ಬಾಗಲಾ ಕಾಯಬೇಕಾಗ್ಯಾದ.

ನಿಮ್ಮ ಕಾಗದ ನಾಕು ಸಲ ಓದಿದೆ. ಎತ್ತಿನ ಹಲ್ಲು ನನಗೂ ಕಂಡಂಗ ಆಯ್ತು. ಆದರ ನಾ ಮುಖ್ಯ ಕೇಳಬೇಕಂದದ್ದು ನೀವು ಬರದಿಲ್ಲ. ಕನ್ನಡ ಮಾತು ಸಾಫ್ ಕೇಳಸ್ತೇನು? ಕೆಲವು ಊರಾಗ ಚಿತ್ರ ಚಲೋ ಬಂದು ಧ್ವನಿ ಒಡದಂಗ ಕೇಳ್ತದಂತ ದೂರು ಬಂದಾವ. ನಮ್ಮ ಊರ ಕಡೆ ಹ್ಯಾಂಗದ ಅಂತ ಇಲ್ಲಿ ಹೇಳಿದ್ರ ನನಗ ಒಂದು ಕಿಮ್ಮತ್ತು ಬರ್ತದ.

ಇನ್ನೊಂದು ಮಾತು. ಸಿಟ್ಟಿಗೇಳಬ್ಯಾಡ್ರಿ. ಅಮ್ಮಿ ದಿನಾ ಸ್ಟೇಷನ್ನಿಗೆ ಯಾಕ ಬರ್ತಾರ? ಹೆಂಡತಿ ಊರಾಗಿಲ್ಲಂತ ಮಗನ್ನ ಕಾಯಲಿಕ್ಕೇನು? ನಾ ಈ ಕೆಲಸಕ್ಕ ಬರೋದು ಅವರಿಗೆ ಮೊದಲಿಂದ ಒಪ್ಪಿಗಿ ಇರಲಿಲ್ಲ. ಪೇಪರಿನಾಗ ಜಾಹೀರಾತು ನೋಡಿ ಅರ್ಜಿ ಹಾಕಿಸಿದವರು ನೀವು. ಈಗ ದಿನಪೂರ್ತಿ ಅವರ ಬಾಜೂಕ ಕುಂತು ಏನೇನು ಕೇಳಸ್ಕೋತೀರೋ ನನಗೇನು ಗೊತ್ತು.

ಒಮ್ಮೆ ಟ್ರಂಕ್‌ಕಾಲ್ ಬುಕ್ ಮಾಡ್ತೀನಿ. ಪೋಸ್ಟಾಫೀಸಿಗೆ ಬರ್ರಿ. ನಿಮ್ಮ ಧ್ವನಿ ಕೇಳಿ ಹತ್ತು ತಿಂಗಳ ಆಯ್ತು.

ರಶೀದಾ


ಚಿತ್ತಾಪುರ
೨ ನವೆಂಬರ್ ೧೯೭೫

ರಶೀದಾ, ಸಲಾಂ.

ಧ್ವನಿ ಚಲೋ ಇತ್ತು. ಹಂಗೇ ಹೇಳು.

ಅಮ್ಮಿ ನಿನ್ನ ಬಗ್ಗೆ ಒಂದು ಮಾತೂ ಆಡಿಲ್ಲ. ಮುದುಕಿ ಬೆಂಚಿನ ಮ್ಯಾಲ ಕುಂತರ ಯಾರಿಗೇನು ತ್ರಾಸು? ಈ ವಿಷಯ ಇನ್ನ ಎತ್ತಬ್ಯಾಡ.

ಟ್ರಂಕ್‌ಕಾಲ್ ಬ್ಯಾಡ. ಇಲ್ಲಿ ಪೋಸ್ಟಾಫೀಸಿನಾಗ ನಾಕು ಮಂದಿ ಕಿವಿ ತೆರಕೊಂಡು ನಿಂತಿರ್ತಾರ, ಮನಿ ಮಾತು ಹ್ಯಾಂಗ ಆಡಬೇಕು? ಕಾಗದ ಬರಿ. ಕಾಗದ ಆದ್ರ ಎಷ್ಟು ಸಲ ಬೇಕಾದ್ರೂ ಓದಬಹುದು.

ಕೋಡ್ಲಾ ರಸ್ತಾದ ಮ್ಯಾಲ ತೊಗರಿ ಹಳದಿ ಹೂವು ಬಿಟ್ಟದ. ಗಾಡಿಯಿಂದ ನೋಡಿದ್ರ ಕಣ್ಣು ತುಂಬ್ತದ. ಬಾಜೂ ಮನಿ ಲೀಲಾಬಾಯಿ ಟೀಚರ್ ನಿನ್ನ ಕೇಳಿದ್ರು. ಅವರ ಸಾಲಿ ಹುಡುಗ್ಯಾರಿಗೆ ನಿನ್ನ ಕೆಲಸ ಏನಂತ ಹೇಳಬೇಕಂತ. ನಾ ಆಂಟೆನಾದ ಮಾತು ಹೇಳಿದೆ. ಪೂರಾ ತಿಳೀಲಿಲ್ಲ ಅನಸ್ತದ, ಆದರೂ ಖುಷಿಪಟ್ಟರು.

ಅಬ್ದುಲ್ ಮಜೀದ


ಅಹಮದಾಬಾದ
೧೮ ಜನವರಿ ೧೯೭೬

ಮನೆಯವರಿಗೆ ಸಲಾಂ.

ನೀವು ಬ್ಯಾಡಂದ್ರೂ ಫೋನ್ ಮಾಡಿದೆ, ಕ್ಷಮಾ ಮಾಡ್ರಿ. ಮಾಡಲೇಬೇಕಾಗಿತ್ತು. ಲೈನ್ ಅಷ್ಟು ಸಾಫ್ ಇರ್ತದಂತ ತಿಳಿದಿರಲಿಲ್ಲ. ಪೋಸ್ಟಾಫೀಸಿನ ಹೊರಗ ಟಾಂಗಾ ಹೋಗೋದು ಸುದ್ದಾ ಕೇಳಸ್ತು. ನಿಮ್ಮ ಉಸಿರೂ ಕೇಳಸ್ತು.

ನಾ ಕೇಳಿದ್ದಕ್ಕ ನೀವು ಇಷ್ಟು ಸರಳ ಒಪ್ಪತೀರಂತ ಅನಕೊಂಡಿರಲಿಲ್ಲ. ವಾದ ಮಾಡಲಿಕ್ಕೆ ಎಷ್ಟೋ ಮಾತು ಹೊಂದಿಸಿ ಇಟ್ಟಕೊಂಡಿದ್ದೆ. ಹೂಂ ಅಂದ್ರಿ, ಚಲೋ ಆತು ಅಂದ್ರಿ, ಇಟ್ಟುಬಿಟ್ರಿ. ಹಾಸ್ಟೆಲಿಗೆ ಬಂದು ಭಾಳ ಹೊತ್ತು ಅತ್ತೆ. ಖುಷಿಯೋ ದುಃಖವೋ ನನಗೇ ತಿಳೀಲಿಲ್ಲ. ಒಂದು ಸಿಟ್ಟಿನ ಮಾತಾದರೂ ಆಡಿದ್ರ ಹಗುರ ಆಗ್ತಿತ್ತು. ಮರುದಿನ ಸಹಿ ಹಾಕಿದೆ. ಇನ್ನ ಆ ವಿಷಯ ಕಾಗದದಾಗ ಬ್ಯಾಡ. ಆಗಿಹೋಯ್ತು. ಕೆದರಿದ್ರ ಇಬ್ಬರಿಗೂ ನೋವು.

ಈಗ ಇನ್ನೊಂದು ಲೆಕ್ಕದ ಮ್ಯಾಲೂ ಕುಂತೀನಿ. ತಂತಿ ಎಳೀಲಿಕ್ಕೆ ಆಗದ ಊರಿಗೆ ಉಪಗ್ರಹದ ಮ್ಯಾಲಿಂದ ಫೋನಿನ ಮಾತು ಕಳಸೋದು. ಮಾತು ಅಷ್ಟು ದೂರ ಹೋಗಿ ಬರಬೇಕಾದ್ರ ಚೂರು ತಡ ಆಗ್ತದ. ಆಡಿದವನ ಮಾತೇ ತಿರುಗಿ ಬಂದು ಅವನ ಕಿವಿಗೆ ಬಡೀತದ, ಆ ಕಡೆಯವರು ಏನಂದ್ರು ತಿಳೀವಲ್ದು. ಆ ತಿರುಗಿ ಬರೋ ಮಾತು ಅಳಸಬೇಕು, ಖರೇ ಮಾತು ಉಳಸಬೇಕು. ಎರಡನ್ನೂ ಬ್ಯಾರೆ ಮಾಡೋ ಪ್ರೋಗ್ರಾಂ ಬರೀಬೇಕು. ಭಾಳ ಕಠಿಣ ಅದ.

ರಶೀದಾ


ಚಿತ್ತಾಪುರ
೮ ಫೆಬ್ರವರಿ ೧೯೭೬

ರಶೀದಾ, ಸಲಾಂ.

ಒಪ್ಪಿದೆ ಅಂದಮ್ಯಾಲ ಒಪ್ಪಿದಂಗೇ. ನೀ ಯೋಚನಿ ಮಾಡಬ್ಯಾಡ. ನಿನಗ ಬೇಕಾದ್ದು ಮಾಡಲಿಕ್ಕೆ ನಾ ಯಾವಾಗ ಅಡ್ಡ ಬಂದೀನಿ? ಸಣ್ಣ ಪುಟ್ಟ ವಿಷಯಕ್ಕ ಅಳಬಾರದು.

ಆದರ ಫೋನ್ ಮತ್ತ ಮಾಡಬ್ಯಾಡ. ಏನೇ ಇದ್ರೂ ಬರದು ಕೇಳು.

ಅಮ್ಮಿಗೆ ಚಳಿಗೆ ಮೊಣಕಾಲು ಹಿಡದಾವ. ಆದರೂ ಬರೋದು ಬಿಟ್ಟಿಲ್ಲ. ಶಿವರಾಯ ಆಕಿಗೆ ಒಂದು ಕಂಬಳಿ ತಂದು ಕೊಟ್ಟಾನ.

ಅಬ್ದುಲ್ ಮಜೀದ


ಚಿತ್ತಾಪುರ
೯ ಮೇ ೧೯೭೬

ರಶೀದಾ, ಸಲಾಂ.

ಮಾರ್ಚಿನಾಗ ನಿನ್ನ ಒಂದು ಕಾರ್ಡು ಬಂತು, ಏಪ್ರಿಲಿನಾಗ ಅದೂ ಇಲ್ಲ. ಕೆಲಸ ಹೆಚ್ಚಾಗಿರಬೇಕು.

ಜುಲೈಗೆ ನಿನ್ನ ಉಪಗ್ರಹದ ವರ್ಷ ಮುಗೀತದಲ್ಲ. ಹಿಂದಿನ ಕೋಣಿಗೆ ಸುಣ್ಣ ಹಚ್ಚಿಸೀನಿ. ನೆಲಕ್ಕ ಶಹಾಬಾದ ಕಲ್ಲಿನ ಫರಸಿ ಹಾಕಿಸೀನಿ, ಬ್ಯಾಸಿಗಿಯಾಗ ತಣ್ಣಗ ಇರ್ತದ. ನಿನ್ನ ಕೋಣಿಗೆ ಕಿಟಕಿ ಇಲ್ಲಂತ ಬರದಿದ್ದಿಯಲ್ಲ, ಅದಕ್ಕ ಇಲ್ಲಿ ಗ್ವಾಡಿ ಒಡಸಿ ಎರಡು ಕಿಟಕಿ ಇಡಿಸೀನಿ. ಒಂದರಾಗ ಬೇವಿನ ಗಿಡ ಕಾಣ್ತದ. ಲೀಲಾಬಾಯಿ ಟೀಚರ್ ಅಂತಾರ, ಚಿತ್ತಾಪುರದ ಹೈಸ್ಕೂಲಿನಾಗ ಗಣಿತಕ್ಕ ಮಾಸ್ತರ ಬೇಕಾಗ್ಯಾರಂತ. ನೀ ಬಂದು ಕೇಳಿದ್ರ ಕೈ ಮುಗದು ಕೊಡ್ತಾರಂತ.

ಯಾವ ಗಾಡಿಗೆ ಬರ್ತಿ ಅಂತ ಮೊದಲೇ ಬರಿ. ವಾಡಿಗೆ ಬಂದು ನಿಂತಿರ್ತೀನಿ.

ಅಬ್ದುಲ್ ಮಜೀದ


ಅಹಮದಾಬಾದ
೨೩ ಮೇ ೧೯೭೬

ಸಲಾಂ.

ನಿಮ್ಮ ಕಾಗದ ಎರಡೆರಡು ಸಲ ಓದಿದೆ. ಇದು ಚೇಷ್ಟೆ ಏನು? ಇಲ್ಲಾ ಶಿಕ್ಷಾ ಏನು?

ಜನವರಿಯಾಗ ನಾ ಫೋನಿನಾಗ ಒಂದೊಂದು ಮಾತೂ ಬಿಡಿಸಿ ಹೇಳಿದ್ದೆ. ಹೊಸ ಕೆಲಸಕ್ಕ ನನ್ನ ಆರಿಸ್ಯಾರ, ಫೋನಿನ ಪ್ರೋಗ್ರಾಮಿಗೆ ನನ್ನನ್ನೇ ಮುಖ್ಯ ಮಾಡ್ಯಾರ, ಆದರ ಐದು ವರ್ಷ ಇಲ್ಲೇ ಇರ್ತೀನಂತ ಸಹಿ ಬೇಕಂತಾರ, ಹಾಕಲೇನು ಅಂತ ಕೇಳಿದೆ. ಹೂಂ ಅಂದ್ರಿ. ಖರೇನು ಅಂತ ಮತ್ತ ಕೇಳಿದೆ. ಹೂಂ ಹೂಂ, ಚಲೋ ಆತು ಅಂದ್ರಿ. ಕಾಗದದಾಗೂ ಒಪ್ಪಿದೆ ಅಂದ್ರಿ. ನಿಮಗ ಅದು ಸಣ್ಣ ಪುಟ್ಟ ವಿಷಯ!

ಈಗ ಏನೂ ಗೊತ್ತಿಲ್ಲದವರಂಗ ಸುಣ್ಣ, ಫರಸಿ, ಕಿಟಕಿ ಅಂತ ಬರದೀರಿ. ಇದರ ಅರ್ಥ ನನಗ ಒಂದೇ ಹೊಳೀತದ. ಹೂಂ ಅಂದದ್ದು ನೀವು, ಈಗ ಮಾತು ಹೊಳ್ಳಿಸಲಿಕತ್ತವರು ಅಮ್ಮಿ. ಬೆಂಚಿನ ಮ್ಯಾಲ ಕುಂತು ಕುಂತು ಗೆದ್ದರು. ಹಂಗಿದ್ರ ಸೀದಾ ಬರೀರಿ. ನಡುವ ಸಿಗಿಸಿ ನನ್ನ ಆಟ ಆಡಸಬ್ಯಾಡ್ರಿ. ಇಲ್ಲಿ ಸಹಿ ಹಿಡಕೊಂಡು ಇವರು ಎಳೀತಾರ, ಅಲ್ಲಿ ಕಿಟಕಿ ಇಡಿಸಿ ನೀವು ಎಳೀತೀರಿ.

ಜವಾಬು ಬೇಕು.

ರಶೀದಾ


ಚಿತ್ತಾಪುರ
೩೦ ಜೂನ್ ೧೯೭೬

ಸೌ. ರಶೀದಾಬೇಗಂ ಅವರಿಗೆ ಲೀಲಾಬಾಯಿಯ ಆಶೀರ್ವಾದಗಳು.

ಅಕ್ಷರ ನನ್ನವು, ಮಾತು ನಿಮ್ಮ ಅತ್ತೆ ಜಾನಬಿಯವರದು. ಅವರು ನನ್ನ ಎದುರಿಗೇ ಕೂತು ಹೇಳುತ್ತಿದ್ದಾರೆ. ಮಜೀದರಿಗೆ ಇದು ತಿಳಿಯದು. ಜಾನಬಿಯವರು ಹೇಳಿದ ಹಾಗೆಯೇ ಬರೆಯುತ್ತೇನೆ.

ಬೇಟಿ, ನಿನ್ನ ಗಂಡಗ ಕಿವಿ ಕೇಳೂದಿಲ್ಲ. ನೀ ಊರು ಬಿಟ್ಟು ಹೋದಮ್ಯಾಲ ಎಡಗಿವಿ ಹೋಯ್ತು. ಬಲಗಿವಿಯಾಗ ಸ್ವಲ್ಪ ಉಳದಿತ್ತು, ಬಾಜೂಕ ನಿಂತು ಜೋರು ಮಾತಾಡಿದ್ರ ತಿಳೀತಿತ್ತು. ಈ ಬ್ಯಾಸಿಗಿಗೆ ಅದೂ ಮುಗೀತು. ಹೈದರಾಬಾದಿನ ಡಾಕ್ಟರಿಗೆ ತೋರಿಸೀವಿ. ನರ ಸತ್ತಾವ, ಔಷಧ ಇಲ್ಲ ಅಂದ. ರಶೀದಾಗ ಹೇಳಿದ್ರ ಕೆಲಸ ಬಿಟ್ಟು ಓಡಿ ಬರ್ತಾಳ, ಹೇಳಬ್ಯಾಡ ಅಂತ ತನ್ನ ತಲಿ ಮ್ಯಾಲ ನನ್ನ ಕೈ ಇಡಿಸಿ ಆಣಿ ತಗೊಂಡ.

ಸ್ಟೇಷನ್ ಕೆಲಸ ಅಂದ್ರ ಕಿವಿ ಕೆಲಸ. ಬಾಜೂ ಸ್ಟೇಷನ್ನಿನವರು ಗಾಡಿ ಬಿಡಲೇನು ಅಂತ ಗಂಟಿ ಹೊಡದು ಕೇಳ್ತಾರ. ಎಷ್ಟು ಹೊಡೀತು ಅಂತ ಕೇಳಿ, ಇವ ತಿರುಗಿ ಗಂಟಿ ಹೊಡದು ಜವಾಬು ಕೊಡಬೇಕು. ಅದು ಕೇಳದಿದ್ರ ಅಲ್ಲಿ ಗಾಡಿ ನಿಂತ ಕಡೆ ನಿಲ್ತದ. ಅದಕ್ಕ ನಾ ಹೋಗಿ ಕುಂದ್ರತಿದ್ದೆ. ಗಂಟಿ ಎಷ್ಟು ಹೊಡೀತದೋ ಅಷ್ಟು ಸಲ ಅವನ ಬೆನ್ನಿಗೆ ಬೆರಳು ಬಡೀತಿದ್ದೆ. ಫೋನ್ ಬಂದ್ರ ಶಿವರಾಯ ಎತ್ತತಿದ್ದ. ಹಿಂಗ ಒಂದು ವರ್ಷ ದೂಡಿದಿವಿ. ಬಿಟ್ಟುಬಿಡಪಾ, ಬ್ಯಾರೆ ಕೆಲಸ ಕೊಡ್ತಾರ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. ಆ ಕುರ್ಚಿ ಬಿಟ್ಟರ ನಾ ಯಾರು ಅಂತಿದ್ದ.

ಈ ತಿಂಗಳು ನನಗ ಜ್ವರ ಬಂದು ಏಳಲಿಕ್ಕೆ ಆಗಲಿಲ್ಲ. ಅವ ಒಬ್ಬನೇ ಹೋದ. ಶಿವರಾಯ ದೂರದ ಗೇಟಿಗೆ ಹೋಗಿದ್ದ. ಬಾಜೂ ಸ್ಟೇಷನ್ನಿನಾಗ ಪ್ಯಾಸೆಂಜರ್ ಗಾಡಿ ನಿಂತೇ ಉಳೀತು. ಗಂಟಿ ಬಡದೂ ಬಡದೂ ಸಾಕಾಗಿ ಅವರು ಆಳು ಕಳಿಸ್ಯಾರ. ಆಳು ಬಂದು ನೋಡ್ತಾನ, ಇವ ಗಂಟಿ ಮುಂದೇ ಕುಂತು ಅದು ಬಡಿಯೋದನ್ನ ಕಾಯಲಿಕತ್ತಾನ. ಗಂಟಿ ಬಡೀಲಿಕತ್ತಿತ್ತು. ಯಾರಿಗೂ ಏನೂ ಆಗಲಿಲ್ಲ, ಅಲ್ಲಾನ ಮೆಹರಬಾನಿ. ಆದರ ವಿಚಾರಣಾ ಆಯ್ತು, ಡಾಕ್ಟರ್ ಪರೀಕ್ಷಾ ಆಯ್ತು, ಆ ಕೆಲಸದಿಂದ ತಗದ್ರು.

ಈಗ ಅವ ನೀ ಬರಬೇಕಂತ ಮಾಡಿದ ಕೋಣ್ಯಾಗ ಬಾಗಲಾ ಹಾಕ್ಕೊಂಡು ಕುಂದ್ರತಾನ. ನಿನ್ನ ಸಿಟ್ಟಿನ ಕಾಗದ ಅಂಗಿ ಕಿಸೆದಾಗ ಅದ. ನೀ ಫೋನಿನಾಗ ಏನು ಕೇಳಿದ್ದಿ ಅನ್ನೋದು ಅದನ್ನ ಓದಿದಾಗಲೇ ಅವಗ ಗೊತ್ತಾಯ್ತು. ಫೋನಿನಾಗ ಅವಗ ಒಂದು ಅಕ್ಷರನೂ ಕೇಳಿರಲಿಲ್ಲ. ಪೋಸ್ಟಾಫೀಸಿನ ಮಂದಿ ನೋಡ್ತಾರಂತ ಹೂಂ ಹೂಂ ಅಂದು ಇಟ್ಟು ಬಂದಿದ್ದ.

ನಾ ಕೊಟ್ಟ ಆಣಿ ಮುರದೀನಿ. ನೀ ಬಾ.

ಇಷ್ಟು ಜಾನಬಿಯವರ ಮಾತು. ನನ್ನದು ಒಂದೇ ಮಾತು, ತಂಗೀ: ಬೇಗ ಬರ್ರಿ.

ಲೀಲಾಬಾಯಿ


ಅಹಮದಾಬಾದ
೧೨ ಜುಲೈ ೧೯೭೬

ಮನೆಯವರಿಗೆ ರಶೀದಾಳ ಸಲಾಂ.

ಅಮ್ಮಿ ಎಲ್ಲಾ ಬರಸ್ಯಾರ. ಅವರ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ. ನಾ ಅವರ ಬಗ್ಗೆ ಬರದದ್ದು ನೆನಸಿಕೊಂಡ್ರ ಮುಖ ಎತ್ತಲಿಕ್ಕೆ ಆಗವಲ್ದು.

ನಿಮ್ಮ ಕಾಗದ ಎಲ್ಲಾ ತಗದು ಮತ್ತ ಓದಿದೆ. ಕುರಕುಂಟಾದ ಎತ್ತು, ತೊಗರಿ ಹೂವು, ಬೇವಿನ ಗಿಡ. ಒಂದು ವರ್ಷದಾಗ ನೀವು ಒಂದು ಸಪ್ಪಳ ಸುದ್ದಾ ಬರದಿಲ್ಲ. ಟಿವಿಯ ಧ್ವನಿ ಹ್ಯಾಂಗದ ಅಂತ ನಿಮ್ಮನ್ನ ಕೇಳಿದೆ. ಚಲೋ ಅದ ಅಂತ ನೀವು ಅಂದದ್ದನ್ನ ಇಲ್ಲಿ ದೊಡ್ಡ ಸಾಹೇಬರ ಮುಂದ ಹೆಮ್ಮಿಲೆ ಹೇಳಿದೆ.

ಈಗಿಂದೀಗ ಹೊರಡಬೇಕು ಅನಸ್ತದ, ಬಿಡವಲ್ಲರು. ತಿಂಗಳ ಕೊನಿಗೆ ಉಪಗ್ರಹ ಇಲ್ಲಿಂದ ಸರಸ್ತಾರ. ಅಲ್ಲೀತನಕ ದಿನಾ ಪ್ರೋಗ್ರಾಂ ಓಡಸಬೇಕು. ಗ್ವಾಡಿಗೆ ತಲಿ ಬಡಕೊಂಡು ಹೊರಗ ಬರೋಣ ಅನಸ್ತದ. ಆಗಸ್ಟ್ ಮೊದಲನೇ ವಾರ ಬರ್ತೀನಿ.

ಐದು ವರ್ಷದ ಸಹಿ ವಾಪಸ್ ಕೊಡ್ರಿ ಅಂತ ಕೇಳಿದೆ. ಆಗೂದಿಲ್ಲ ಅಂದ್ರು. ಏನು ಮಾಡಲಿ? ಕೈ ಕಟ್ಟಿ ಹಾಕ್ಯಾರ.

ಎರಡು ಸಾಲಾದ್ರೂ ಬರೀರಿ. ಬೈದು ಬರದ್ರೂ ನಡೀತದ.

ರಶೀದಾ


ಚಿತ್ತಾಪುರ
೧೦ ಆಗಸ್ಟ್ ೧೯೭೬

ಮನೆಯವರಿಗೆ ಸಲಾಂ.

ಒಂದೇ ಮನ್ಯಾಗ ಕುಂತು ಕಾಗದ ಬರೀಲಿಕತ್ತೀನಿ. ನೀವು ಹಿಂದಿನ ಕೋಣ್ಯಾಗ, ನಾ ಪಡಸಾಲಿಯಾಗ. ಪಾಟಿ ಮುಂದ ಹಿಡದ್ರ ಹೌದು, ಇಲ್ಲ ಅಂತ ಅಷ್ಟೇ ಬರೀತೀರಿ. ಅದಕ್ಕ ಇದು.

ವಾಡಿಗೆ ನೀವು ಬಂದು ನಿಂತದ್ದು ನೋಡಿ ಜೀವ ಬಂದಂಗ ಆಯ್ತು. ಚಿತ್ತಾಪುರ ಬರೋತನಕ ಗಾಡಿಯಾಗ ಮಾತಾಡ್ತನೇ ಬಂದೆ. ನೀವು ಹೊರಗ ಸಿಮೆಂಟಿನ ಧೂಳು ಕುಂತ ಗಿಡ ನೋಡ್ಕೋತ ಬಂದ್ರಿ. ಕೇಳೂದಿಲ್ಲಂತ ಗೊತ್ತಿದ್ದೂ ಬಾಯಿ ಮುಚ್ಚಲಿಕ್ಕೆ ಆಗಲಿಲ್ಲ.

ಇವತ್ತು ಮಧ್ಯಾಹ್ನ ಅಡಗಿ ಮನಿ ಹೊಸ್ತಿಲದಾಗ ಅಮ್ಮಿ ನನ್ನ ಸಂಗಾಟ ಮಾತಾಡಿದ್ರು. ನೀವು ಅಂಗಳದಾಗಿದ್ರಿ. ಅವರು ಅಂದದ್ದನ್ನ ಅಂದಂಗೇ ಬರೀತೀನಿ. "ಒಂದು ವರ್ಷ ನಾ ಇವನ ಕಿವಿ ಆಗಿ ಕುಂತೆ. ಇನ್ನ ನನ್ನ ಕೈಲೆ ಆಗೂದಿಲ್ಲ. ನೀ ಇಲ್ಲಿಗೆ ಬಾ, ಇಲ್ಲಾ ಇವನ್ನ ಕರಕೊಂಡು ಹೋಗು. ಹಿಂಗ ಅರ್ಧ ಅಲ್ಲಿ ಅರ್ಧ ಇಲ್ಲಿ ಇಡಬ್ಯಾಡ." ಆಮ್ಯಾಲ ನನ್ನ ಕೆಲಸದ ಬಗ್ಗೆ ಕೇಳಿದ್ರು. ನಾ ಸಮಾಧಾನ ಹೇಳಿದೆ.

ನನಗ ತೋಚಿದ್ದು ಇಷ್ಟು. ನನ್ನ ಅವರು ಐದು ವರ್ಷ ಬಿಡೂದಿಲ್ಲ. ಅದಕ್ಕ ನೀವೇ ಬರ್ರಿ, ಅಮ್ಮಿನೂ ಬರಲಿ. ಗಂಡ ಹೆಂಡತಿ ಇದ್ದವರಿಗೆ ಮನಿ ಕೊಡ್ತಾರ. ಅಲ್ಲಿ ದೊಡ್ಡ ಡಾಕ್ಟರ್ ಇದ್ದಾರ, ಮತ್ತೊಮ್ಮೆ ತೋರಸೋಣ.

ಪಾಟಿ ಮ್ಯಾಲ ಬ್ಯಾಡ. ಇದಕ್ಕ ಕಾಗದದಾಗ ಜವಾಬು ಬರೀರಿ.

ರಶೀದಾ


ಚಿತ್ತಾಪುರ
೧೦ ಆಗಸ್ಟ್ ೧೯೭೬

ರಶೀದಾ,

ಸಮಾಧಾನ ಹೇಳಿದೆ ಅಂತ ಬರದೀ. ಏನು ಹೇಳಿದಿ ಅಂತ ಬರದಿಲ್ಲ.

ಕಿವಿ ಹೋದವಗ ಕಣ್ಣು ಕೆಲಸ ಕಲೀತದ. ಅಮ್ಮಿ ಏನಂತಾಳ, ಶಿವರಾಯ ಏನಂತಾನ ಅಂತ ಅವರ ತುಟಿ ನೋಡೇ ನಾ ಒಂದು ವರ್ಷ ಕಳದೀನಿ. ನಿನ್ನ ಮುಖ ಇಷ್ಟು ದಿವಸ ದೂರ ಇತ್ತು, ಗಾಡಿಯಾಗ ಮುಸುಕೂ ಇತ್ತು, ಅದಕ್ಕ ನಿನ್ನ ತುಟಿ ಮಾತು ಪೂರಾ ತಿಳೀಲಿಲ್ಲ, ಹೊರಗ ನೋಡ್ಕೋತ ಕುಂತೆ. ಇವತ್ತು ನೀ ಹೊಸ್ತಿಲದಾಗ ಕುಂತಿದ್ದಿ. ಬಿಸಿಲು ನಿನ್ನ ಮುಖದ ಮ್ಯಾಲ ಇತ್ತು. ನಾ ಬಾವಿಕಟ್ಟಿ ಮ್ಯಾಲಿಂದ ನೋಡ್ತಿದ್ದೆ.

ಅಮ್ಮಿ ಕೇಳಿದ್ಲು, ಅವರು ಬಿಡೂದಿಲ್ಲ ಅಂತಿ, ಖರೇನ? ನೀ ತಲಿ ಕೆಳಗ ಮಾಡಿದಿ. ಆಮ್ಯಾಲ ತಲಿ ಎತ್ತಿ ಅಂದಿ: "ಅಮ್ಮಿ, ಅವರು ನನ್ನ ಹಿಡದಿಲ್ಲ. ಬಿಡ್ತೀನಂದ್ರ ನಾಳೆನೇ ಬಿಡಬಹುದು. ನಾನೇ ಕೇಳಿಲ್ಲ. ಆ ಕೆಲಸ ಬಿಡಲಿಕ್ಕೆ ನನಗ ಮನಸಿಲ್ಲ."

ತಪ್ಪು ತಿಳಕೊಂಡಿದ್ರ ಹೇಳು. ತಪ್ಪಿಲ್ಲ ಅಂತ ನನಗ ಗೊತ್ತದ.

ಸಿಟ್ಟು ಬಂತು. ಎದ್ದು ಸ್ಟೇಷನ್ ತನಕ ನಡಕೋತ ಹೋದೆ. ಹಿಂದಿಂದ ಟಾಂಗಾದವ ಬೈದನೇನೋ, ನನಗೇನು ಗೊತ್ತು. ಪ್ಲಾಟ್‌ಫಾರಂ ಮ್ಯಾಲ ಕುಂತೆ. ಸೇಡಂ ಕಡೆಯಿಂದ ಗಾಡಿ ಬಂತು, ಹೋಯ್ತು. ಸ್ಟೇಷನ್ ಮಾಸ್ತರ ಕೋಣಿಯಿಂದ ಹೊರಗ ಬಂದು ಹಸರ ನಿಶಾನಿ ತೋರಿಸಿದ. ಅವನ ಮ್ಯಾಲ ನನಗ ಎಷ್ಟು ಹೊಟ್ಟಿಕಿಚ್ಚು ಬಂತು ಅಂದ್ರ ಎದ್ದು ಹೋಗಿ ಆ ನಿಶಾನಿ ಕಸಗೊಳ್ಳೋಣ ಅನಸ್ತು. ಆವಾಗ ನಿನ್ನ ಮಾತು ನನಗ ತಿಳೀತು. ಆ ಕುರ್ಚಿ ಬಿಡಲಾರದಕ್ಕ ನಾ ಏನು ಮಾಡಿದೆ? ಮೊಣಕಾಲು ನೋವಿದ್ದ ತಾಯಿನ್ನ ಒಂದು ವರ್ಷ ಬೆಂಚಿನ ಮ್ಯಾಲ ಕೂಡಿಸಿದೆ. ಗಾಡಿ ತುಂಬ ಮಂದಿ ಪ್ರಾಣ ಆಕಿ ಬೆರಳಿನಾಗ ಇಟ್ಟೆ. ನನ್ನನ್ನೂ ಯಾರೂ ಹಿಡದಿರಲಿಲ್ಲ.

ಅದಕ್ಕ ಕೇಳು. ಕೆಲಸ ಬಿಡಬ್ಯಾಡ. ಸಾಲಿ ಮಾಸ್ತರಿಕಿಗೆ ಅರ್ಜಿ ಹಾಕಬ್ಯಾಡ. ಈ ಎರಡು ಕಿಟಕಿ ಕೋಣ್ಯಾಗ ನೀ ಕುಂತು ದಿನಾ ಆ ಕಿಟಕಿ ಇಲ್ಲದ ಕೋಣಿ ನೆನಸ್ತಿ, ಅದನ್ನ ನಾ ನೋಡಲಾರೆ. ಈಗ ನಿನ್ನ ಮುಖ ಓದಲಿಕ್ಕೆ ಬರ್ತದ, ಮುಚ್ಚಿಡಲಿಕ್ಕೆ ನಿನಗ ಆಗೂದಿಲ್ಲ.

ನಾ ಬರೂದಿಲ್ಲ. ಅಲ್ಲಿ ನಾ ಹೆಂಡತಿ ಹಿಂದ ನಿಂತ ಕಿವುಡ. ಇಲ್ಲಿ ವಾಡಿ ಪಾರ್ಸೆಲ್ ಆಫೀಸಿನಾಗ ಕೆಲಸ ಕೊಟ್ಟಾರ, ಮುಂದಿನ ವಾರ ಹಾಜರಾಗಬೇಕು. ಪೆಟಗಿ ಮ್ಯಾಲಿನ ಹೆಸರು ಓದಿ ಬ್ಯಾರೆ ಬ್ಯಾರೆ ಗಾಡಿಗೆ ಹಚ್ಚೋದು. ನನಗ ಅದು ಬ್ಯಾಡಾಗ್ಯಾದ. ಆದರೂ ಹೋಗ್ತೀನಿ. ಅಮ್ಮಿ ಮನ್ಯಾಗ ಕಾಲು ಚಾಚಿ ಕುಂದರಲಿ. ಡಾಕ್ಟರ ಮಾತು ಸಾಕು ಮಾಡು, ನನ್ನ ಆಸೆ ಮತ್ತ ಎಬ್ಬಸಬ್ಯಾಡ.

ಐದು ವರ್ಷ ಆದಮ್ಯಾಲ ಏನು ಅಂತ ನಾ ಕೇಳೂದಿಲ್ಲ, ನೀನೂ ಬರೀಬ್ಯಾಡ. ಈದಿಗೆ ಬಾ. ನಡುವ ಕಾಗದ ಬರಿ. ಆದರ ಇನ್ನಮ್ಯಾಲ ಕೈ ಕಟ್ಟಿ ಹಾಕ್ಯಾರ, ಜೈಲು, ಗ್ವಾಡಿ ಅಂತ ಬರೀಬಾರದು. ಪ್ರೋಗ್ರಾಂ ಚಲೋ ಓಡಿದ ದಿವಸ ಚಲೋ ಓಡೀತು ಅಂತ ಬರಿ.

ನಿನ್ನ ಗಾಡಿ ಶುಕ್ರವಾರ ಅದ. ಅಮ್ಮಿ ಚಿತ್ತಾಪುರದಾಗೇ ನಿಲ್ತಾಳ, ನಾ ವಾಡಿ ತನಕ ಬರ್ತೀನಿ. ಗಾಡಿ ಹತ್ತಿ ಕಿಟಕಿಗೆ ಕುಂತಾಗ ಬುರ್ಖಾದ ಮುಸುಕು ಮುಖದ ಮ್ಯಾಲಿಂದ ಸರಸು. ಏನಂತಿ ಅಂತ ನನಗ ನೋಡಬೇಕು.

ಮಜೀದ